ಬೀರುವಿನ ಕೀಲಿ ಇಟ್ಟುಕೊಂಡವರಿಗೆ

ಹೈಸ್ಕೂಲುಗಳಲ್ಲಿ ಲೈಬ್ರರಿ ಚಾರ್ಜು ಹೊತ್ತಿರುವ ಮೇಷ್ಟ್ರು, ಮೇಡಂಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ಸಹೋದ್ಯೋಗಿಗಳೇ,

ನಿವೃತ್ತನಾಗಿ ನಾಲ್ಕು ವರ್ಷವಾಯಿತು, ಆದರೂ ಸಹೋದ್ಯೋಗಿಗಳೇ ಅಂತಲೇ ಕರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಕನ್ನಡ ಪಾಠ ಮಾಡಿಕೊಂಡು 29 ವರ್ಷ ಕಳೆದೆ. ಅದರಲ್ಲಿ 22 ವರ್ಷ ಶಾಲೆಯ ಪುಸ್ತಕದ ಬೀರುವಿನ ಕೀಲಿ ನನ್ನ ಜೇಬಿನಲ್ಲೇ ಇತ್ತು. ಆ ಕೀಲಿ ಒಬ್ಬರ ಜೇಬಿಗೆ ಹೇಗೆ ಬರುತ್ತದೆ ಅನ್ನುವುದನ್ನು ನಿಮಗೆ ಹೇಳಬೇಕಾಗಿಲ್ಲ. ನಮ್ಮ ಹೈಸ್ಕೂಲುಗಳಲ್ಲಿ ಗ್ರಂಥಪಾಲಕರು ಅಂತ ಒಬ್ಬರು ಇರುವುದು ಅಪರೂಪ. ಜೂನ್ ತಿಂಗಳ ಮೊದಲ ಮೀಟಿಂಗಿನಲ್ಲಿ ಬಿಸಿಯೂಟ, ಸ್ಕೌಟ್ಸ್, ವಿಜ್ಞಾನ ಸಂಘ, ಪ್ರತಿಭಾ ಕಾರಂಜಿ ಎಲ್ಲ ಹಂಚಿ ಮುಗಿದ ಮೇಲೆ ಕೊನೆಗೆ ಉಳಿಯುವುದು ಲೈಬ್ರರಿ. ಹೆಡ್‌ಮಾಸ್ಟರು ಕಣ್ಣು ಹಾಯಿಸುತ್ತಾರೆ. ‘ಕನ್ನಡದವರೇ ಇಟ್ಕೊಂಬಿಡಿ’ ಅಂತ ಯಾರೋ ಹಿಂದಿನ ಬೆಂಚಿನಿಂದ ಅನ್ನುತ್ತಾರೆ. ಅಷ್ಟೇ.

ಕೀಲಿಯ ಜೊತೆಗೆ ಒಂದು ದಾಸ್ತಾನು ವಹಿಯೂ ಬರುತ್ತದೆ, ಅದರ ಜೊತೆಗೆ ಒಂದು ಭಯವೂ ಬರುತ್ತದೆ. ಪುಸ್ತಕ ಕಡಿಮೆ ಬಿದ್ದರೆ ದುಡ್ಡು ಯಾರು ಕಟ್ಟಬೇಕು? ಈ ಒಂದು ಪ್ರಶ್ನೆಯಿಂದಾಗಿ ಮೊದಲ ಐದಾರು ವರ್ಷ ನಾನು ಆ ಬೀರುವನ್ನು ಖಜಾನೆಯ ಹಾಗೆ ಕಾದೆ. ಇನ್‌ಸ್ಪೆಕ್ಷನ್ ಬರುತ್ತದೆ ಅಂತ ಗೊತ್ತಾದಾಗ ಹಿಂದಿನ ದಿನ ಕೂತು, ಹಾಜರಿ ಪುಸ್ತಕ ನೋಡಿಕೊಂಡು, ಮಕ್ಕಳ ಹೆಸರಿನಲ್ಲಿ ಪುಸ್ತಕ ಕೊಟ್ಟ ಹಾಗೆ, ವಾಪಸು ಬಂದ ಹಾಗೆ ವಿತರಣಾ ವಹಿ ತುಂಬಿದ್ದೇನೆ. ಎರಡು ಬಣ್ಣದ ಪೆನ್ನಿನಲ್ಲಿ ತುಂಬಿದ್ದೆ, ಅನುಮಾನ ಬಾರದಿರಲಿ ಅಂತ. ಸಾಹೇಬರು ಮೆಚ್ಚಿ ಸಹಿ ಹಾಕಿ ಹೋದರು. ಈ ಪತ್ರ ಬರೆಯುವವನು ಎಂಥವನು ಅನ್ನುವುದು ನಿಮಗೆ ಮೊದಲೇ ತಿಳಿದಿರಲಿ ಅಂತ ಹೇಳಿದೆ.

ಆಮೇಲೆ ಒಂದು ವರ್ಷ ನನಗೆ ಉತ್ಸಾಹ ಬಂತು. ಬೇಸಿಗೆ ರಜೆಗೆ ಮುಂಚೆ ಒಂಬತ್ತನೇ ತರಗತಿಗೆ ಹತ್ತು ಪುಸ್ತಕಗಳ ಪಟ್ಟಿ ಮಾಡಿದೆ. ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಕಾನೂರು ಹೆಗ್ಗಡಿತಿ’, ಹೀಗೆ. ಬೀರುವಿನಲ್ಲಿದ್ದವು ಸಾಲದೆ ಪಟ್ಟಣದ ಲೈಬ್ರರಿಯಿಂದ ನನ್ನ ಕಾರ್ಡಿನಲ್ಲಿ ತಂದು ಹಂಚಿದೆ. ರಜೆ ಮುಗಿಸಿ ಬರುವಾಗ ಪ್ರತಿಯೊಬ್ಬರೂ ಎರಡು ಪುಟದ ವಿಮರ್ಶೆ ಬರೆದು ತರಬೇಕು ಅಂದೆ. ತಂದರು. ಮುತ್ತಿನಂಥ ಅಕ್ಷರ, ಅಂಚಿಗೆ ಸ್ಕೆಚ್ ಪೆನ್ನಿನ ಹೂವು. ‘ಮರಳಿ ಮಣ್ಣಿಗೆ’ ಓದಿದ ನಾಲ್ವರೂ ಒಂದೇ ವಾಕ್ಯದಿಂದ ಶುರು ಮಾಡಿದ್ದರು, ಒಂದೇ ವಾಕ್ಯದಿಂದ ಮುಗಿಸಿದ್ದರು. ಪುಸ್ತಕ ತಿರುಗಿಸಿ ನೋಡಿದೆ. ಬೆನ್ನುಡಿಯನ್ನು ಅಕ್ಷರಶಃ ಇಳಿಸಿದ್ದರು. ಒಬ್ಬನಂತೂ ಕೊನೆಯಲ್ಲಿ ಬೆಲೆಯನ್ನೂ ಬರೆದಿದ್ದ.

ಬೈಯಲು ಬಾಯಿ ತೆರೆದವನಿಗೆ ಎರಡು ಬಣ್ಣದ ಪೆನ್ನು ನೆನಪಾಯಿತು. ಸುಮ್ಮನಾದೆ.

ಆ ಮಕ್ಕಳನ್ನು ಸೋಮಾರಿಗಳು ಅನ್ನುವುದು ಸುಲಭ. ಆದರೆ ಅವರಿಗೆ ಹದಿನಾಲ್ಕು ವರ್ಷವಾಗಿತ್ತು, ಅಷ್ಟು ವರ್ಷದಲ್ಲಿ ‘ನಿನಗೆ ಯಾವ ಪುಸ್ತಕ ಬೇಕು’ ಅಂತ ಯಾರೂ ಒಂದು ಸಲವೂ ಕೇಳಿರಲಿಲ್ಲ. ಪಠ್ಯಪುಸ್ತಕ ಸರ್ಕಾರದಿಂದ ಬರುತ್ತದೆ, ಗೈಡು ಅಣ್ಣನಿಂದ ಬರುತ್ತದೆ, ಬಹುಮಾನದ ಪುಸ್ತಕ ಮುಖ್ಯ ಅತಿಥಿಗಳ ಕೈಯಿಂದ ಬರುತ್ತದೆ. ಆರಿಸುವ ಕೆಲಸ ಅವರ ಪಾಲಿಗೆ ಬಂದದ್ದೇ ಇಲ್ಲ. ಇನ್ನು ನಾವು ಕಲಿಸುವ ರೀತಿ ನೋಡಿ. ಕವಿ-ಕೃತಿ ಪರಿಚಯ ಅಂತ ಬಾಯಿಪಾಠ ಮಾಡಿಸುತ್ತೇವೆ: ಜನನ, ಸ್ಥಳ, ಕೃತಿಗಳು, ಪ್ರಶಸ್ತಿ. ನನ್ನ ವಿದ್ಯಾರ್ಥಿಗಳಿಗೆ ಕುವೆಂಪು ಅವರ ಹತ್ತು ಕೃತಿಗಳ ಹೆಸರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತಿತ್ತು. ಆ ಹತ್ತರಲ್ಲಿ ಯಾವುದು ದಪ್ಪ, ಯಾವುದು ತೆಳು, ಯಾವುದು ನಾಟಕ, ಯಾವುದು ಕಾದಂಬರಿ ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮದುವೆ ಮನೆಯಲ್ಲಿ ನೆಂಟರ ಹೆಸರೆಲ್ಲ ಗೊತ್ತಿದ್ದು ಮುಖ ಮಾತ್ರ ಗೊತ್ತಿಲ್ಲದವರ ಹಾಗೆ.

ನನ್ನ ಕಣ್ಣು ತೆರೆಸಿದ್ದು ಯಾವ ತರಬೇತಿಯೂ ಅಲ್ಲ, ಸೋರುವ ಸೂರು. ಒಂದು ಜುಲೈನಲ್ಲಿ ಮೂರು ದಿನ ಬಿಡದೆ ಹೊಡೆದ ಮಳೆಗೆ ಸ್ಟಾಫ್ ರೂಮಿನ ಮೂಲೆ ಸೋರಿ ಬೀರುವಿನ ಕೆಳಗಿನ ಎರಡು ಅರೆಯಲ್ಲಿ ನೀರು ನಿಂತಿತು. ಮಳೆ ಬಿಟ್ಟ ದಿನ ಅಟೆಂಡರನ್ನು ಜೊತೆಗಿಟ್ಟುಕೊಂಡು ಅಷ್ಟೂ ಪುಸ್ತಕಗಳನ್ನು ವರಾಂಡದಲ್ಲಿ ಬೆಂಚು ಜೋಡಿಸಿ ಒಣಗಲು ಹರಡಿದೆ. ಹಪ್ಪಳ ಹರಡಿದಂತೆ ಒಂದೊಂದೇ, ಮುಖ ಮೇಲಾಗಿ. ಬೀರುವಿನಲ್ಲಿ ಅವುಗಳ ಬೆನ್ನು ಮಾತ್ರ ಕಾಣುತ್ತಿತ್ತು, ಅದೂ ನಾನೇ ಅಂಟಿಸಿದ ನಂಬರಿನ ಚೀಟಿಯ ಹಿಂದೆ ಹೆಸರು ಮುಚ್ಚಿಹೋಗಿ. ಈಗ ಮೊದಲ ಸಲ ಮುಖ ಕಂಡಿತು. ಇಂಟರ್‌ವಲ್ ಬೆಲ್ಲು ಹೊಡೆಯಿತು. ಮಕ್ಕಳು ನೀರು ಕುಡಿಯಲು ಹೊರಟವರು ನಿಂತರು. ಒಬ್ಬ ಬಗ್ಗಿ ನೋಡಿದ, ಮುಟ್ಟಲಿಲ್ಲ. ನಾನು ಬೇಕೆಂದೇ ಕಂಬದ ಆಚೆಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಏಳೆಂಟು ಜನ ಪುಸ್ತಕ ಕೈಗೆತ್ತಿಕೊಂಡಿದ್ದರು. ಅಂಟಿಕೊಂಡ ಹಾಳೆಗಳನ್ನು ಊದಿ ಬಿಡಿಸುತ್ತಿದ್ದರು. ‘ಜಾಲಹಳ್ಳಿಯ ಕುರ್ಕ’ ಅನ್ನುವ ಹೆಸರು ಓದಿ ಒಬ್ಬ ‘ಕುರ್ಕ ಅಂದ್ರೇನೋ’ ಅಂತ ಪಕ್ಕದವನನ್ನು ಕೇಳಿದ. ಅವನಿಗೂ ಗೊತ್ತಿರಲಿಲ್ಲ. ಇಬ್ಬರೂ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಒಳಗೆ ಹುಡುಕತೊಡಗಿದರು.

ಅದು ಕೆನ್ನೆತ್ ಆ್ಯಂಡರ್ಸನ್ ಬರೆದ ಬೇಟೆಯ ಕತೆಗಳ ತೇಜಸ್ವಿಯವರ ಕನ್ನಡ ರೂಪ, ‘ಕಾಡಿನ ಕತೆಗಳು’ ಮಾಲೆಯ ಮೂರನೆಯದು. ಎಷ್ಟು ವರ್ಷದಿಂದ ಬೀರುವಿನಲ್ಲಿತ್ತೋ ಏನೋ. ಅವತ್ತಿನವರೆಗೆ ಅದನ್ನು ಯಾರೂ ಕೇಳಿರಲಿಲ್ಲ. ಇದೆ ಅಂತ ಗೊತ್ತಿಲ್ಲದ್ದನ್ನು ಕೇಳುವುದು ಹೇಗೆ?

ಪುಸ್ತಕ ಒಣಗಲು ಎರಡು ದಿನ ಸಾಕಾಗಿತ್ತು. ನಾನು ಒಂದು ವಾರ ಒಣಗಿಸಿದೆ. ಆಮೇಲೆ ಪ್ರತಿ ಶುಕ್ರವಾರ ಒಣಗಿಸುವುದು ಅಂತ ಪದ್ಧತಿಯೇ ಆಯಿತು. ಹೊಸ ಹೆಡ್‌ಮಾಸ್ಟರೊಬ್ಬರು ಬಂದು, ಬಿಸಿಲು ಕಾಲದಲ್ಲೂ ಏನು ಒಣಗಿಸುತ್ತೀರಿ ಅಂತ ಕೇಳುವವರೆಗೂ ಅದಕ್ಕೆ ಹಾಗೇ ಹೆಸರಿತ್ತು.

ಹರಡಿದರೆ ಎತ್ತಿಕೊಳ್ಳುತ್ತಾರೆ. ಎತ್ತಿಕೊಂಡದ್ದನ್ನೆಲ್ಲ ಓದುತ್ತಾರೆಯೇ? ಇಲ್ಲ. ಮೊದಲ ತಿಂಗಳು ಎಷ್ಟು ಬೇಗ ಒಯ್ದರೋ ಅಷ್ಟೇ ಬೇಗ ವಾಪಸು ತಂದರು. ‘ಓದಿದೆಯೇನೋ’ ಅಂದರೆ ‘ಓದಿದೆ ಸಾರ್’. ‘ಏನಿದೆ ಅದರಲ್ಲಿ’ ಅಂದರೆ ‘ಚೆನ್ನಾಗಿದೆ ಸಾರ್’. ಮೇಷ್ಟ್ರ ಮುಂದೆ ಪುಸ್ತಕ ಚೆನ್ನಾಗಿಲ್ಲ ಅನ್ನುವ ಹಾಗಿಲ್ಲ, ಅರ್ಧಕ್ಕೆ ಬಿಟ್ಟೆ ಅನ್ನುವ ಹಾಗಂತೂ ಇಲ್ಲವೇ ಇಲ್ಲ. ಬಡಿಸಿಕೊಂಡ ಅನ್ನ ಬಿಟ್ಟರೆ ಪಾಪ ಬರುತ್ತದೆ ಅಂತ ಬೆಳೆದ ಮಕ್ಕಳು. ಪುಸ್ತಕ ಕಾಲಿಗೆ ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ಮಕ್ಕಳು. ಸರಸ್ವತಿಯನ್ನು ಅರ್ಧಕ್ಕೆ ಬಿಡುವುದು ಹೇಗೆ?

ನನಗೆ ಹೊಳೆದದ್ದು ಇಷ್ಟೇ. ವಿತರಣಾ ವಹಿಯಲ್ಲಿ ಸಹಿಯ ಕಾಲಂ ಪಕ್ಕ ಸ್ವಲ್ಪ ಜಾಗವಿತ್ತು. ಅಲ್ಲಿ ಸ್ಕೇಲು ಇಟ್ಟು ಇನ್ನೆರಡು ಗೆರೆ ಎಳೆದೆ. ಒಂದರ ಮೇಲೆ ‘ಬಿಟ್ಟ ಪುಟ’ ಅಂತಲೂ ಇನ್ನೊಂದರ ಮೇಲೆ ‘ಯಾಕೆ’ ಅಂತಲೂ ಬರೆದೆ. ಯಾರಾದರೂ ಪುಸ್ತಕ ವಾಪಸು ತಂದರೆ ಓದಿದೆಯಾ ಅಂತ ಕೇಳುವುದನ್ನು ಬಿಟ್ಟೆ. ‘ಯಾವ ಪುಟದಲ್ಲಿ ಬಿಟ್ಟೆ’ ಅಂತ ಕೇಳತೊಡಗಿದೆ. ಬಿಡುವುದು ಸಹಜ ಅನ್ನುವ ಧಾಟಿಯಲ್ಲಿ. ಸಂತೆಯಲ್ಲಿ ಮಾವಿನಹಣ್ಣು ಮೂಸಿ ನೋಡಿ ಕೆಳಗಿಟ್ಟವಳನ್ನು ಯಾರೂ ಬೈಯುವುದಿಲ್ಲವಲ್ಲ.

ಮೊದಲು ನಾಚಿದರು. ಒಬ್ಬ ಧೈರ್ಯ ಮಾಡಿ ‘ಹನ್ನೊಂದು’ ಅಂದ. ಬರೆದುಕೊಂಡೆ. ‘ಯಾಕೆ?’ ‘ಬರೀ ಮರ ಗಿಡಾನೇ ಸಾರ್.’ ಅದನ್ನೂ ಹಾಗೇ ಬರೆದುಕೊಂಡೆ. ಬೈಗುಳ ಬರಲಿಲ್ಲ ಅಂತ ಗೊತ್ತಾದ ಮೇಲೆ ಉಳಿದವರು ತಾವೇ ಬರೆಯತೊಡಗಿದರು. ಆ ವಹಿ ಈಗ ನನ್ನ ಮುಂದೆ ಇದೆ (ಲೆಕ್ಕದಲ್ಲಿ ಇಲ್ಲದ ವಹಿ, ಮನೆಗೆ ತಂದುಕೊಂಡೆ). ‘ಅಕ್ಷರ ಚಿಕ್ಕದು.’ ‘ಎಲ್ರೂ ಒಳ್ಳೆಯವರೇ.’ ‘ಹುಡುಗಿ ಬರೋದೇ ಇಲ್ಲ.’ ‘ಸುಮ್ನೆ ಬುದ್ಧಿ ಹೇಳ್ತಾರೆ.’ ‘ನಮ್ಮ ಅಜ್ಜಿ ತೀರ್ಕೊಂಡಿದ್ದು ನೆನಪಾಯ್ತು.’ ‘ಕರ್ವಾಲೋ’ದ ಎದುರು ಒಬ್ಬ ಬರೆದಿದ್ದಾನೆ: ‘ಜೇನು ಬಂತು, ಹಾರೋ ಓತಿ ಇನ್ನೂ ಬಂದಿಲ್ಲ.’ ಓತಿಯ ಸುದ್ದಿಯನ್ನು ಗೆಳೆಯನ ಬಾಯಲ್ಲಿ ಕೇಳಿ ಒಯ್ದಿದ್ದ, ಅದು ಕಾಯಿಸುತ್ತದೆ ಅಂತ ಗೆಳೆಯ ಹೇಳಿರಲಿಲ್ಲ. ಮೂರು ವಾರ ಬಿಟ್ಟು ಮತ್ತೆ ಅದನ್ನೇ ಒಯ್ದಿದ್ದಾನೆ. ಎರಡನೇ ಸಲದ ಎದುರು ‘ಬಿಟ್ಟ ಪುಟ’ದಲ್ಲಿ ಒಂದು ಅಡ್ಡಗೆರೆ.

ನಿಮಗೆ ನಾನು ಹೇಳಬೇಕೆಂದು ಕೂತದ್ದು ಮುಖ್ಯವಾಗಿ ಈ ಎರಡು ಕಾಲಂ ಬಗ್ಗೆ. ಮಗುವಿನ ರುಚಿ ಗೊತ್ತಾಗುವುದು ಅದು ಓದಿ ಮುಗಿಸಿದ ಪುಸ್ತಕದಿಂದ ಅಂತ ನಾವು ತಿಳಿದಿದ್ದೇವೆ. ಮುಗಿಸಿದ ಪುಸ್ತಕಕ್ಕೆ ಮಕ್ಕಳು ಹೇಳುವುದು ‘ಸೂಪರ್ ಸಾರ್’ ಅನ್ನುವ ಒಂದೇ ಮಾತು. ಬಿಟ್ಟ ಪುಸ್ತಕದ ಬಗ್ಗೆ ಕೇಳಿ, ಮಾತು ನಿಲ್ಲುವುದಿಲ್ಲ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಸಾಲಾಗಿ ಏಳು ಪುಸ್ತಕ ಬಿಟ್ಟಳು. ಆರನ್ನು ಹದಿನೈದು ಪುಟದೊಳಗೇ ಬಿಟ್ಟಿದ್ದಳು, ಒಂದನ್ನು ಮಾತ್ರ 61ರಲ್ಲಿ. ಅದು ನೇಮಿಚಂದ್ರ ಅವರ ಪ್ರವಾಸಕಥನ, ‘ಪೆರುವಿನ ಪವಿತ್ರ ಕಣಿವೆಯಲ್ಲಿ’. ‘ಯಾಕೆ’ ಅನ್ನುವಲ್ಲಿ ‘ಟೆಸ್ಟ್ ಬಂತು’ ಅಂತಿತ್ತು. ನಾನು ಏನೂ ಹೇಳದೆ ಅವಳ ಹೆಸರಿದ್ದ ಸಾಲುಗಳಿಗೆಲ್ಲ ಬೆರಳಿಟ್ಟು ತೋರಿಸಿ ‘ನೀನೇ ನೋಡಮ್ಮ’ ಅಂದೆ. ನೋಡಿದಳು. ಆಮೇಲೆ, ‘ಇದರಲ್ಲಿ ಹೆಂಗಸರು ಮನೆ ಬಿಟ್ಟು ದೂರ ಹೋಗ್ತಾರೆ ಸಾರ್’ ಅಂದಳು. ಮುಂದಿನ ವಾರ ಬೆಂಚುಗಳ ಮೇಲೆ ಅವಳು ಪುಸ್ತಕದ ಹೆಸರು ನೋಡಲಿಲ್ಲ, ಬರೆದವರ ಹೆಸರು ಹುಡುಕಿದಳು. ‘ಯಾದ್ ವಶೇಮ್’ ಸಿಕ್ಕಿತು. ಪಾಠದಲ್ಲಿ ವರ್ಷಗಟ್ಟಲೆ ಕವಿ-ಕೃತಿ ಪರಿಚಯ ಬರೆಸಿದ ನನಗೆ, ಲೇಖಕರ ಹೆಸರು ಯಾತಕ್ಕೆ ಬೇಕಾಗುತ್ತದೆ ಅನ್ನುವುದು ಅವತ್ತು ಕಣ್ಣಿಗೆ ಬಿತ್ತು. ಇನ್ನೊಬ್ಬ ಎಲ್ಲದಕ್ಕೂ ‘ಮಾತೇ ಇಲ್ಲ’ ಅಂತ ಬರೆಯುತ್ತಿದ್ದ. ಉದ್ದುದ್ದ ಪ್ಯಾರಾ ಕಂಡರೆ ಅವನಿಗೆ ಉಸಿರು ಕಟ್ಟುತ್ತಿತ್ತು. ಅವನ ಕೈಗೆ ಕೈಲಾಸಂ ನಾಟಕ ಸಿಕ್ಕಿತು, ಅಲ್ಲಿಂದ ಬೀಚಿಯವರ ತಿಂಮನಿಗೆ ದಾಟಿದ. ತರಗತಿಯಲ್ಲಿ ಅವನ ಕಾಟ ಆಮೇಲೆ ಹೆಚ್ಚಾಯಿತು, ಅದು ಬೇರೆ ವಿಷಯ.

ಡೇನಿಯಲ್ ಪೆನಾಕ್ ಅಂತ ಫ್ರಾನ್ಸಿನ ಒಬ್ಬ ಕಾದಂಬರಿಕಾರರು, ಅವರೂ ನಮ್ಮ ಹಾಗೆ ಶಾಲೆಯಲ್ಲಿ ಭಾಷೆ ಕಲಿಸುತ್ತಿದ್ದವರು. 1992ರ ಒಂದು ಪುಸ್ತಕದಲ್ಲಿ ಓದುಗನಿಗೆ ಹತ್ತು ಹಕ್ಕು ಕೊಟ್ಟಿದ್ದಾರೆ. ಮೊದಲನೆಯದೇ ಓದದೆ ಇರುವ ಹಕ್ಕು. ಪುಟ ಹಾರಿಸುವುದು, ಅರ್ಧಕ್ಕೆ ಬಿಡುವುದು, ಓದಿದ್ದನ್ನೇ ಮತ್ತೆ ಓದುವುದು ಎಲ್ಲ ಆ ಪಟ್ಟಿಯಲ್ಲಿವೆ. ಇದನ್ನು ನಾನು ತಿಳಿದದ್ದು ತುಂಬ ತಡವಾಗಿ. ಮೊದಲೇ ಗೊತ್ತಿದ್ದರೆ ಆ ಹೆಡ್‌ಮಾಸ್ಟರಿಗೆ ಉತ್ತರ ಹೇಳಲು ಅನುಕೂಲವಾಗುತ್ತಿತ್ತು.

ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡುವುದನ್ನೂ ಕಲಿಸಬೇಕಾಗುತ್ತದೆ, ಅದರಲ್ಲೂ ಕನ್ನಡ ಪುಸ್ತಕವನ್ನು. ನಮ್ಮ ಮಕ್ಕಳು ಪಠ್ಯಪುಸ್ತಕದ ಅಭ್ಯಾಸದಲ್ಲಿ ಮೊದಲ ಹಾಳೆಯಿಂದ ಶುರು ಮಾಡುತ್ತಾರೆ. ಅಲ್ಲಿ ಏನಿರುತ್ತದೆ? ಪ್ರಕಾಶಕರ ಮಾತು. ಅದಾದ ಮೇಲೆ ಹಿರಿಯರೊಬ್ಬರ ಮುನ್ನುಡಿ, ಹನ್ನೆರಡು ಪುಟ. ಆಮೇಲೆ ಲೇಖಕರ ಅರಿಕೆ, ಅದರಲ್ಲಿ ಡಿಟಿಪಿ ಮಾಡಿದವರಿಗೂ ಮುಖಪುಟ ಬರೆದವರಿಗೂ ಮನೆಯಾಕೆಗೂ ಕೃತಜ್ಞತೆ. ಕತೆ ಶುರುವಾಗುವ ಹೊತ್ತಿಗೆ ಹುಡುಗ ಮಲಗಿರುತ್ತಾನೆ. ನನ್ನ ವಹಿಯಲ್ಲಿ ‘ಬಿಟ್ಟ ಪುಟ: vii’ ಅಂತ ರೋಮನ್ ಅಂಕಿಯಲ್ಲಿ ಬರೆದವರು ಐದಾರು ಜನ ಇದ್ದಾರೆ! ಮುನ್ನುಡಿ ಹಾರಿಸಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ: ಮುನ್ನುಡಿಯನ್ನು ಕೊನೆಗೆ ಓದಿ, ಓದಲೇಬೇಕು ಅನ್ನಿಸಿದರೆ. ಮುನ್ನುಡಿ ಬರೆದ ಮಹನೀಯರು ಕ್ಷಮಿಸಬೇಕು. ಬೆನ್ನುಡಿಯಿಂದಲೂ ಮಕ್ಕಳಿಗೆ ಅಂಥ ಉಪಕಾರವಿಲ್ಲ. ಒಳಗೆ ಕಳ್ಳನಿದ್ದಾನೋ ಹುಲಿಯಿದೆಯೋ ಅನ್ನುವುದನ್ನು ಬಿಟ್ಟು, ಲೇಖಕರು ಸಮಕಾಲೀನ ಸಂದರ್ಭದಲ್ಲಿ ಎಷ್ಟು ಮುಖ್ಯರು ಅನ್ನುವುದು ಅಲ್ಲಿರುತ್ತದೆ.

ಉಪಯೋಗಕ್ಕೆ ಬರುವುದು ಯಾರೂ ನೋಡದ ಪುಟ, ಹಕ್ಕುಗಳ ವಿವರ ಇರುವುದು. ಎಷ್ಟನೇ ಮುದ್ರಣ ಅಂತ ಅಲ್ಲಿ ಇರುತ್ತದೆ. ‘ಈ ಪುಸ್ತಕ ಮೊದಲು ಬಂದದ್ದು 1980ರಲ್ಲಿ, ಇನ್ನೂ ಅಚ್ಚಾಗುತ್ತಲೇ ಇದೆ ಅಂದರೆ ಏನರ್ಥ’ ಅಂತ ‘ಕರ್ವಾಲೋ’ ತೋರಿಸಿ ಕೇಳಿದಾಗ, ‘ಜನ ಕೊಂಡ್ಕೋತಾ ಇದಾರೆ’ ಅಂತ ಥಟ್ಟನೆ ಉತ್ತರ ಬಂತು. ಹೊಲದ ಮಕ್ಕಳಿಗೆ ಮಾರುಕಟ್ಟೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಅಲ್ಲಿಂದ ಪ್ರತಿ ಪುಸ್ತಕದ ಮುದ್ರಣ ನೋಡುವುದು ಒಂದು ಆಟವಾಯಿತು. ಒಂದೇ ಮುದ್ರಣದ ಪುಸ್ತಕ ಕೆಟ್ಟದ್ದು ಅನ್ನುವ ತಪ್ಪು ತೀರ್ಮಾನವೂ ಜೊತೆಗೇ ಬಂತು. ಅದನ್ನು ಬಿಡಿಸಲು ಒಂದು ವರ್ಷ ಬೇಕಾಯಿತು.

ಬೇರೆ ಕಡೆ ಶಾಲೆಗಳಲ್ಲಿ ಐದು ಬೆರಳಿನ ಲೆಕ್ಕ ಅಂತ ಒಂದಿದೆ. ನಡುವಿನ ಒಂದು ಪುಟ ತೆರೆದು ಓದಬೇಕು, ಅರ್ಥವಾಗದ ಒಂದೊಂದು ಪದಕ್ಕೂ ಒಂದೊಂದು ಬೆರಳು ಮಡಚಬೇಕು, ಐದೂ ಮಡಚಿದರೆ ಆ ಪುಸ್ತಕ ಕಷ್ಟ ಅಂತ ಕೆಳಗಿಡಬೇಕು. ಮಾಡಿಸಿ ನೋಡಿದೆ. ಅದೇ ಕಾಡಿನ ಕತೆಗಳ ಮಾಲೆಯ ‘ಪೆದ್ದಚೆರುವಿನ ರಾಕ್ಷಸ’ ಹಿಡಿದ ಒಬ್ಬ ಹುಡುಗ ಪುಟದ ಅರ್ಧಕ್ಕೇ ಐದೂ ಬೆರಳು ಮಡಚಿದ, ಮಡಚಿದ ಮುಷ್ಟಿಯಲ್ಲೇ ಪುಸ್ತಕ ಹಿಡಿದುಕೊಂಡು ಹೊರಟುಹೋದ. ಸಣ್ಣ ಮಕ್ಕಳಿಗೆ ಆ ಲೆಕ್ಕ ಸರಿ ಇರಬಹುದು. ಹದಿನಾಲ್ಕರ ಹುಡುಗನಿಗೆ ಹುಲಿ ಬೇಕಾದಾಗ ಪದಗಳು ಅಡ್ಡ ಬರುವುದಿಲ್ಲ.

ಈಗ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು: ಅವರೇ ಆರಿಸಿಕೊಂಡರೆ ಕಳಪೆಯದನ್ನೇ ಆರಿಸುತ್ತಾರಲ್ಲ? ಆರಿಸುತ್ತಾರೆ. ನಾನೂ ಅದನ್ನೇ ಆರಿಸಿದ್ದೆ. ನನ್ನ ಕಾಲಕ್ಕೆ ನಮ್ಮ ಊರಿನ ಬಸ್ ಸ್ಟ್ಯಾಂಡ್ ಪಕ್ಕ ಒಂದು ಬಾಡಿಗೆ ಪುಸ್ತಕದ ಅಂಗಡಿ ಇತ್ತು. ದಿನದ ಲೆಕ್ಕದಲ್ಲಿ ಬಾಡಿಗೆ, ಆದ್ದರಿಂದ ರಾತ್ರಿಯೇ ಮುಗಿಸಬೇಕು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ನಾನು ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲಿ, ಭೂಗೋಳದ ಪುಸ್ತಕದೊಳಗೆ ಇಟ್ಟು ಓದಿದೆ. ನಾಲ್ಕನೇ ತರಗತಿಯವರೆಗೆ ಮಾತ್ರ ಓದಿದ ಆ ಮನುಷ್ಯ 500ಕ್ಕೂ ಹೆಚ್ಚು ಕಾದಂಬರಿ ಬರೆದರು. ವಿಮರ್ಶಕರು ತಿರುಗಿ ನೋಡಲಿಲ್ಲ. ಕನ್ನಡದಲ್ಲಿ ಓದುವ ವೇಗ ನನಗೆ ಬಂದದ್ದು ಅವರಿಂದ. ಮೂವತ್ತೋ ನಲವತ್ತೋ ಓದುವ ಹೊತ್ತಿಗೆ ಕೊಲೆಗಾರ ಯಾರು ಅಂತ ಮೊದಲೇ ಗೊತ್ತಾಗತೊಡಗಿತು, ಬೇಜಾರು ಬಂತು. ಅಂಗಡಿಯವನನ್ನು ‘ಬೇರೆ ಥರದ್ದು ಕೊಡಿ’ ಅಂದೆ. ಆ ಬೇಜಾರನ್ನು ಯಾರೂ ನನಗೆ ಪಟ್ಟಿ ಮಾಡಿ ಕೊಡಲು ಆಗುತ್ತಿರಲಿಲ್ಲ. ಇನ್ನೊಂದು ಗುಟ್ಟು: ಅಕ್ಕನ ಮದುವೆಗೆ ಯಾರೋ ಉಡುಗೊರೆ ಕೊಟ್ಟಿದ್ದ ಅನುಪಮಾ ನಿರಂಜನರ ‘ವಧುವಿಗೆ ಕಿವಿಮಾತು’ ಬಟ್ಟೆಗಳ ಕೆಳಗೆ ಇರುತ್ತಿತ್ತು. ನನ್ನ ತಲೆಮಾರಿನಲ್ಲಿ ಅದನ್ನು ಕದ್ದು ಓದದ ಗಂಡಸರು ಇದ್ದರೆ ಕೈ ಎತ್ತಲಿ.

ಇಷ್ಟೆಲ್ಲ ಗೊತ್ತಿದ್ದೂ ಸಮಯ ಬಂದಾಗ ನಾನು ಗಟ್ಟಿಯಾಗಿ ನಿಲ್ಲಲಿಲ್ಲ. ಹತ್ತನೇ ತರಗತಿಯ ಒಬ್ಬಳು ತ್ರಿವೇಣಿಯವರ ‘ಶರಪಂಜರ’ ಒಯ್ದಳು. ಮೂರನೇ ದಿನ ಅವಳ ತಂದೆ ಪುಸ್ತಕ ಹಿಡಿದು ಸ್ಟಾಫ್ ರೂಮಿಗೆ ಬಂದರು. ಹುಚ್ಚು ಹಿಡಿಯುವ ಕತೆ, ಅದರೊಳಗೆ ಗಂಡ ಹೆಂಡಿರ ವ್ಯವಹಾರ, ಬೆಳೆಯುವ ಹುಡುಗಿಗೆ ಇದನ್ನೇ ಕೊಡೋದಾ ಮೇಷ್ಟ್ರೇ ಅಂದರು. ಬಾಣಂತಿಯ ಮನಸ್ಸು ಕೆಡುವುದು ಕಾಯಿಲೆ, ಅದು ಗುಣವಾಗಿ ಮನೆಗೆ ಬಂದವಳನ್ನು ಸುತ್ತಲಿನವರು ಹೇಗೆ ನಡೆಸಿಕೊಂಡರು ಅನ್ನುವುದೇ ಆ ಕಾದಂಬರಿ, ಪುಟ್ಟಣ್ಣನವರು 1971ರಲ್ಲಿ ಮಾಡಿದ ಸಿನಿಮಾವನ್ನು ನೀವೂ ನೋಡಿರುತ್ತೀರಿ, ಹೆಣ್ಣುಮಗುವಿಗೆ ತಿಳಿದಿರಬೇಕಾದ ವಿಷಯ ಅದು. ಇಷ್ಟನ್ನು ಹೇಳಬೇಕಿತ್ತು. ‘ತಪ್ಪಾಯ್ತು, ನೋಡದೆ ಕೊಟ್ಟೆ’ ಅಂದೆ. ಆ ಹುಡುಗಿ ಬಾಗಿಲ ಹೊರಗೆ ನಿಂತಿದ್ದಳು. ನೋಡದೆ ಕೊಟ್ಟದ್ದಲ್ಲ ಅಂತ ಅವಳಿಗೆ ಗೊತ್ತಿತ್ತು, ಯಾಕೆಂದರೆ ಆ ಪುಸ್ತಕದ ಬಗ್ಗೆ ಹಿಂದಿನ ವಾರ ನಾನೇ ಅವಳ ಜೊತೆ ಮಾತಾಡಿದ್ದೆ. ಆ ವರ್ಷ ಅವಳು ಮತ್ತೆ ಬೆಂಚಿನ ಹತ್ತಿರ ಬರಲಿಲ್ಲ. ವಹಿಯಲ್ಲಿ ಅವಳ ಕೊನೆಯ ಸಾಲು ನನ್ನ ಅಕ್ಷರದಲ್ಲೇ ಇದೆ: ಬಿಟ್ಟ ಪುಟ 84. ‘ಯಾಕೆ’ ಅನ್ನುವಲ್ಲಿ ಏನು ಬರೆಯಬೇಕು ಅಂತ ತಿಳಿಯದೆ ಖಾಲಿ ಬಿಟ್ಟೆ.

ಹಾಗಂತ ಎಲ್ಲವನ್ನೂ ಎಲ್ಲರಿಗೂ ಕೊಡಿ ಅಂತ ಹೇಳುವ ಧೈರ್ಯ ನನಗಿಲ್ಲ. ಕೆಲವನ್ನು ನಾನೂ ಮೇಲಿನ ಅರೆಯಲ್ಲಿ ಇಟ್ಟಿದ್ದೆ. ಆದರೆ ಒಂದು ಪುಸ್ತಕ ಕೊಟ್ಟ ಮೇಲೆ ಅದನ್ನು ಕೊಟ್ಟವರ ಹಾಗೆ ನಿಲ್ಲಿ, ನನ್ನ ಹಾಗೆ ಮಾಡಬೇಡಿ.

ಲೈಬ್ರರಿ ಪೀರಿಯಡ್ಡಿನ ಗತಿಯನ್ನೂ ಹೇಳಿಬಿಡುತ್ತೇನೆ. ಟೈಂಟೇಬಲ್ಲಿನಲ್ಲಿ ವಾರಕ್ಕೊಂದು ಇರುತ್ತದೆ, ದಸರಾ ರಜೆ ಮುಗಿಯುತ್ತಲೇ ಗಣಿತದವರು ಕಸಿದುಕೊಳ್ಳುತ್ತಾರೆ. ಅಂಥವರಿಗೆ ಹೇಳಲು ನನ್ನ ಬಳಿ ಒಂದು ಮಾತಿತ್ತು. ಈ ದೇಶದಲ್ಲಿ ಗ್ರಂಥಾಲಯವನ್ನು ಶಾಸ್ತ್ರವಾಗಿ ಕಟ್ಟಿದ ಎಸ್.ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. ಮದರಾಸಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು 1924ರಲ್ಲಿ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1931ರಲ್ಲಿ ತಮ್ಮ ಐದು ಸೂತ್ರಗಳನ್ನು ಪ್ರಕಟಿಸಿದರು, ಕೊನೆಗಾಲದಲ್ಲಿ ನಮ್ಮ ಬೆಂಗಳೂರಿನಲ್ಲೇ ನೆಲೆಸಿ 1972ರಲ್ಲಿ ಇಲ್ಲೇ ತೀರಿಕೊಂಡರು. ಪುಸ್ತಕ ಇರುವುದು ಬಳಕೆಗೆ ಅನ್ನುವುದು ಅವರ ಮೊದಲ ಸೂತ್ರ. ಓದುಗ ತಾನೇ ಕಪಾಟಿನ ನಡುವೆ ಓಡಾಡಿ ಪುಸ್ತಕ ಎತ್ತಿಕೊಳ್ಳುವಂತಿರಬೇಕು ಅಂತ ಜೀವನವಿಡೀ ವಾದಿಸಿದರು. ನಮ್ಮ ಗಣಿತದ ಮೇಷ್ಟ್ರು ಇದನ್ನು ಪೂರ್ತಿ ಕೇಳಿಸಿಕೊಂಡು, ‘ಅವರು ಲೆಕ್ಕ ಬಿಟ್ಟ ಮೇಲೆ ಮಾಡಿದ್ದಲ್ವಾ’ ಅಂದರು. ಪೀರಿಯಡ್ ವಾಪಸು ಬರಲಿಲ್ಲ. ಇಂಟರ್‌ವಲ್ಲಿನ ಹತ್ತು ನಿಮಿಷ ಮತ್ತು ಸಂಜೆ ಬಸ್ಸು ಕಾಯುವ ಅರ್ಧ ಗಂಟೆಯಲ್ಲೇ ಈ ಇಡೀ ವ್ಯವಹಾರ ನಡೆಯಿತು.

ಈಗಿನ ಮಕ್ಕಳು ಮೊಬೈಲಿನಲ್ಲಿ ಮುಳುಗಿದ್ದಾರೆ, ನಿಮ್ಮ ಕಾಲ ಬೇರೆ ಅಂತ ಕೆಲವರು ಹೇಳುತ್ತೀರಿ. ಇರಬಹುದು. ಆದರೆ ನನ್ನ ಕೊನೆಯ ವರ್ಷಗಳಲ್ಲಿ ‘ಓದೋದೇ ಇಲ್ಲ’ ಅಂತ ನಾವು ಗುರುತು ಹಾಕಿದ್ದ ಮೂವರು ಹುಡುಗಿಯರು ಅಮ್ಮನ ಫೋನಿನಲ್ಲಿ ಪ್ರತಿಲಿಪಿ ಆ್ಯಪಿನ ಧಾರಾವಾಹಿಗಳನ್ನು ನೂರಾರು ಕಂತು ಓದಿದ್ದರು. ಯಾವುದನ್ನು ಯಾವ ಕಂತಿಗೆ ಬಿಟ್ಟೆವು, ಯಾರು ಸುಮ್ಮನೆ ಎಳೆಯುತ್ತಾರೆ, ಯಾರು ಕೊನೆಯನ್ನು ಕೆಡಿಸುತ್ತಾರೆ ಅನ್ನುವುದರಲ್ಲಿ ಅವರು ನನಗಿಂತ ಪಳಗಿದ್ದರು. ಆರಿಸುವ ವಿದ್ಯೆ ಅವರಿಗೆ ಬಂದಾಗಿತ್ತು, ನಾವು ಅದನ್ನು ವಿದ್ಯೆ ಅಂತ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅಷ್ಟೇ. ಅವರ ಮುಂದೆ ನಾನು ಕೂತು ಕತೆ ಕೇಳಿಸಿಕೊಂಡೆ. ಒಂದು ಧಾರಾವಾಹಿಯ ಎಳೆ ತ್ರಿವೇಣಿಯವರನ್ನು ನೆನಪಿಸುವಂತಿತ್ತು. ಆ ಮಾತು ಬಾಯಿಗೆ ಬಂತು, ನುಂಗಿಕೊಂಡೆ. ಮೇಷ್ಟ್ರು ಪ್ರತಿಯೊಂದಕ್ಕೂ ಒಂದು ಪುಸ್ತಕ ಸೇರಿಸಿ ಹೇಳಿದರೆ ಮಕ್ಕಳು ಮಾತು ನಿಲ್ಲಿಸುತ್ತಾರೆ.

ಬೀರುವಿನಲ್ಲಿ ಇರುವುದೇ ನೂರು ಪುಸ್ತಕ, ಅದರಲ್ಲಿ ಆರಿಸುವುದೇನು ಅನ್ನುವವರಿಗೆ: ನಿಮ್ಮ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಅನ್ನುತ್ತಾರೆ, ಅಲ್ಲಿಗೆ ಮಕ್ಕಳನ್ನು ಒಂದು ಸಲ ನಡೆಸಿಕೊಂಡು ಹೋಗಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡಿದ್ದಾರೆ. ಸಾಲಾಗಿ ಕರೆದುಕೊಂಡು ಹೋಗಿ ಫೋಟೊ ತೆಗೆಸಿ ಬರಬೇಡಿ. ಮೇಲ್ವಿಚಾರಕರಿಗೆ ಹೇಳಿ ಕಪಾಟು ತೆರೆಸಿ, ನೀವು ಹೊರಗೆ ಹೋಗಿ ಟೀ ಕುಡಿಯಿರಿ. ಒಬ್ಬೊಬ್ಬರೂ ಮೂರು ಪುಸ್ತಕ ಕೈಯಲ್ಲಿ ಹಿಡಿದು ನೋಡಿ ಎರಡನ್ನು ವಾಪಸು ಇಡಲಿ. ಇಟ್ಟ ಎರಡು ಯಾವುವು ಅಂತ ದಾರಿಯಲ್ಲಿ ಬರುವಾಗ ಕೇಳಿ.

ನಿವೃತ್ತಿಯ ದಿನ ಚಾರ್ಜು ಒಪ್ಪಿಸುವಾಗ ದಾಸ್ತಾನು ತಾಳೆ ನೋಡಿದೆವು. 17 ಪುಸ್ತಕ ಕಡಿಮೆ ಬಂತು. ವಹಿಯಲ್ಲಿದ್ದ ಬೆಲೆಯ ಲೆಕ್ಕದಲ್ಲಿ ಒಂದು ಸಾವಿರಕ್ಕೆ ಸ್ವಲ್ಪ ಕಡಿಮೆ ಆಯಿತು, ಕಟ್ಟಿದೆ. ಆರು ವರ್ಷ ನಿದ್ದೆ ಕೆಡಿಸಿದ ಭಯದ ಬೆಲೆ ಅಷ್ಟು. ಯಾವ 17 ಅಂತ ನೋಡಿದರೆ ಕಾಡಿನ ಕತೆಗಳು ಮೂರು, ‘ಜುಗಾರಿ ಕ್ರಾಸ್’ ಎರಡು ಪ್ರತಿ, ಸಿದ್ಧಲಿಂಗಯ್ಯನವರ ‘ಊರುಕೇರಿ’, ‘ಯಾದ್ ವಶೇಮ್’, ಹೀಗೆ. ಸಮಗ್ರ ಸಂಪುಟ ಒಂದೂ ಹೋಗಿರಲಿಲ್ಲ. ಹೊಸ ಪುಸ್ತಕಕ್ಕೆ ಅನುದಾನ ಬಂದರೆ ಏನು ಕೊಳ್ಳಲಿ ಅಂತ ನನ್ನಿಂದ ಕೀಲಿ ತೆಗೆದುಕೊಂಡ ಮೇಡಂ ಕೇಳಿದರು. ಕಳೆದುಹೋದ ಪಟ್ಟಿಯನ್ನೇ ಅವರ ಕೈಗೆ ಕೊಟ್ಟೆ.

ನನ್ನ ವಹಿಯಲ್ಲಿ ಆ 17 ಸಾಲುಗಳಲ್ಲೂ ‘ಬಿಟ್ಟ ಪುಟ’ ಖಾಲಿ ಇದೆ. ಒಯ್ದವರ ಹೆಸರುಗಳಿವೆ, ಯಾರಿಗೂ ತೋರಿಸುವುದಿಲ್ಲ. ಅವರಲ್ಲಿ ಇಬ್ಬರು ಬಿ.ಎಡ್. ಮಾಡಿ ಮೇಷ್ಟ್ರುಗಳಾಗಿದ್ದಾರೆ ಅಂತ ಕೇಳಿದ್ದೇನೆ. ಈ ಪತ್ರವನ್ನು ಅವರೂ ಓದಬಹುದು. ದುಡ್ಡು ನಾನು ಕಟ್ಟಿಯಾಗಿದೆ ಕಣ್ರಪ್ಪ, ಪುಸ್ತಕ ವಾಪಸು ತರಬೇಡಿ.

ಇಂತಿ,
ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು